ಬಂಡಲ್ ದಪ್ಪಗಾದದ್ದು ಯಾಕೆ? ವೆಬ್‌ಪ್ಯಾಕ್‌ನ ಸ್ಟ್ಯಾಟ್ಸ್ ಫೈಲ್ ತೆಗೆಯುವ, ಓದುವ, ಕಾಪಿಡುವ ಬಗೆ

ವೆಬ್‌ಪ್ಯಾಕ್ ಬಳಸುವ ತಂಡಗಳಿಗೆಲ್ಲ ಒಂದು ಹಳದಿ ಎಚ್ಚರಿಕೆ ಪರಿಚಿತ. ಪ್ರೊಡಕ್ಷನ್ ಬಿಲ್ಡ್ ಮುಗಿಯುವ ಹೊತ್ತಿಗೆ, ಫೈಲಿನ ಗಾತ್ರ 244 ಕಿಬಿಬೈಟ್ ದಾಟಿದೆ ಎಂದು ಟರ್ಮಿನಲ್ ಹೇಳುತ್ತದೆ. 2,50,000 ಬೈಟ್ ಎಂಬುದು ನಾವು ಬೇರೆ ಏನೂ ಹೇಳದಿದ್ದಾಗ ವೆಬ್‌ಪ್ಯಾಕ್ ತಾನೇ ಇಟ್ಟುಕೊಳ್ಳುವ ಮಿತಿ. ಒಂದೊಂದು ಫೈಲಿಗೂ ಅದೇ ಮಿತಿ, ಪುಟ ಶುರುವಾಗಲು ಬೇಕಾದ ಫೈಲುಗಳ ಒಟ್ಟು ಮೊತ್ತಕ್ಕೂ ಅದೇ ಮಿತಿ. ಎಚ್ಚರಿಕೆ ಸರಿಯಾದದ್ದೇ. ಆದರೆ ಅದು ಹೇಳುವುದು ‘ಎಷ್ಟು’ ಎಂಬುದನ್ನು ಮಾತ್ರ. ಈ ಭಾರ ಯಾವ ಲೈಬ್ರರಿಯಿಂದ ಬಂತು, ಆ ಲೈಬ್ರರಿಯನ್ನು ನಮ್ಮ ಯಾವ ಫೈಲಿನ ಯಾವ ಸಾಲು ಕರೆತಂದಿತು ಎಂಬುದು ಆ ಹಳದಿ ಸಾಲಿನಲ್ಲಿ ಇರುವುದಿಲ್ಲ.

ಉತ್ತರ ವೆಬ್‌ಪ್ಯಾಕ್ ಬಳಿಯೇ ಇದೆ. ಬಿಲ್ಡ್ ನಡೆಯುವಾಗ ಅದು ಪ್ರತಿ ಫೈಲನ್ನೂ ಓದಿ, ಯಾವುದು ಯಾವುದನ್ನು ಕರೆಯಿತು ಎಂಬ ಪೂರ್ತಿ ಲೆಕ್ಕವನ್ನು ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ. ನಾವು ಕೇಳದಿದ್ದರೆ, ಬಿಲ್ಡ್ ಮುಗಿದೊಡನೆ ಆ ಲೆಕ್ಕ ಅಳಿಸಿಹೋಗುತ್ತದೆ. ಕೇಳಿದರೆ ಅದನ್ನೇ ಒಂದು ಜೇಸನ್ ಫೈಲಾಗಿ ಬರೆದುಕೊಡುತ್ತದೆ. ಅದನ್ನು ಸ್ಟ್ಯಾಟ್ಸ್ ಫೈಲ್ ಎನ್ನುತ್ತಾರೆ. ಅದನ್ನು ತೆಗೆಯುವುದು ಹೇಗೆ, ಓದುವುದು ಹೇಗೆ, ತೆಗೆದ ಮೇಲೆ ಏನು ಮಾಡಬೇಕು ಎಂಬುದನ್ನು ಈ ಲೇಖನ ವಿವರಿಸುತ್ತದೆ. ಕಮ್ಯಾಂಡ್‌ಗಳನ್ನೂ ಒಳಗಿನ ಹೆಸರುಗಳನ್ನೂ ಇಲ್ಲಿ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಬೇಕು.

ಬಂಡ್ಲರ್ ಒಳಗೆ ನಡೆಯುವುದೇನು

ಬ್ರೌಸರ್‌ಗಾಗಿ ಬರೆದ ಕೋಡನ್ನು ಸಣ್ಣ ಸಣ್ಣ ಮಾಡ್ಯೂಲ್‌ಗಳಾಗಿ ಒಡೆದು, ಕೊನೆಗೆ ಒಟ್ಟುಗೂಡಿಸಿ ಕಳಿಸುವ ಪದ್ಧತಿ 2011ರಲ್ಲಿ ಬಂದ ಬ್ರೌಸರಿಫೈ ಮೂಲಕ ಹೆಚ್ಚು ಬಳಕೆಗೆ ಬಂತು. ಮರುವರ್ಷ, 2012ರಲ್ಲಿ, ಜರ್ಮನಿಯ ಟೋಬಿಯಾಸ್ ಕಾಪರ್ಸ್ ವೆಬ್‌ಪ್ಯಾಕ್ ಬರೆಯಲು ತೊಡಗಿದರು. ಅದರ ಐದನೇ ಆವೃತ್ತಿ 2020ರ ಅಕ್ಟೋಬರ್ 10ರಂದು ಬಿಡುಗಡೆಯಾಯಿತು. ಇಲ್ಲಿ ಹೇಳುವುದೆಲ್ಲ ಐದನೇ ಆವೃತ್ತಿಗೆ ಅನ್ವಯಿಸುತ್ತದೆ.

ಸ್ಟ್ಯಾಟ್ಸ್ ಫೈಲ್ ಅರ್ಥವಾಗಬೇಕಾದರೆ ಮೂರು ಪದಗಳ ನಡುವಿನ ವ್ಯತ್ಯಾಸ ತಿಳಿದಿರಬೇಕು. ನೀವು ಬರೆದ ಅಥವಾ ಎನ್‌ಪಿಎಂನಿಂದ ತಂದ ಪ್ರತಿಯೊಂದು ಫೈಲೂ ಒಂದು ಮಾಡ್ಯೂಲ್. ಎಂಟ್ರಿ ಫೈಲಿನಿಂದ ಹೊರಟು, ಇಂಪೋರ್ಟ್ ಮತ್ತು ರಿಕ್ವೈರ್ ಸಾಲುಗಳನ್ನು ಹಿಡಿದು ಹೋಗುತ್ತ, ವೆಬ್‌ಪ್ಯಾಕ್ ಮಾಡ್ಯೂಲ್‌ಗಳ ಜಾಲವನ್ನು ಕಟ್ಟುತ್ತದೆ. ಆಮೇಲೆ ಒಟ್ಟಿಗೆ ಬೇಕಾಗುವ ಮಾಡ್ಯೂಲ್‌ಗಳನ್ನು ಗುಂಪು ಮಾಡುತ್ತದೆ. ಅಂಥ ಒಂದು ಗುಂಪು ಚಂಕ್. ಕೊನೆಗೆ ಚಂಕ್‌ಗಳನ್ನು ಡಿಸ್ಕಿಗೆ ಬರೆಯುತ್ತದೆ. ಹೀಗೆ ಹೊರಬಂದ ಫೈಲ್ ಅಸೆಟ್. ಒಂದು ಮಾಡ್ಯೂಲ್ ಎರಡು ಚಂಕ್‌ಗಳಲ್ಲಿ ಇರಬಹುದು. ಒಂದು ಚಂಕ್‌ನಿಂದ ಜಾವಾಸ್ಕ್ರಿಪ್ಟ್ ಒಂದು, ಸಿಎಸ್‌ಎಸ್ ಒಂದು, ಹೀಗೆ ಎರಡು ಅಸೆಟ್ ಬರಬಹುದು. ಟರ್ಮಿನಲ್‌ನಲ್ಲಿ ನಮ್ಮ ಕಣ್ಣಿಗೆ ಬೀಳುವುದು ಮುಖ್ಯವಾಗಿ ಅಸೆಟ್‌ಗಳು. ಸಮಸ್ಯೆ ಹುಟ್ಟುವುದು ಮಾಡ್ಯೂಲ್‌ಗಳಲ್ಲಿ. ಇವೆರಡರ ನಡುವಿನ ದಾರಿಯನ್ನು ತೋರಿಸುವುದೇ ಸ್ಟ್ಯಾಟ್ಸ್ ಫೈಲಿನ ಕೆಲಸ.

ತೆಗೆಯುವ ಮೂರು ದಾರಿ

ಮೊದಲ ದಾರಿ ಕಮ್ಯಾಂಡ್ ಲೈನ್. ವೆಬ್‌ಪ್ಯಾಕ್ ಕಮ್ಯಾಂಡಿನ ಮುಂದೆ ಎರಡು ಅಡ್ಡಗೆರೆ ಹಾಕಿ ‘ಜೇಸನ್’ ಎಂದು ಬರೆದು, ಸಮಚಿಹ್ನೆ ಇಟ್ಟು, ಬೇಕಾದ ಫೈಲಿನ ಹೆಸರು ಕೊಡಿ. ಅಷ್ಟೇ ಸಾಕು:

ವೆಬ್‌ಪ್ಯಾಕ್ --ಮೋಡ್=ಪ್ರೊಡಕ್ಷನ್ --ಜೇಸನ್=ಸ್ಟ್ಯಾಟ್ಸ್.ಜೇಸನ್

ಮೋಡ್ ಅನ್ನು ಪ್ರೊಡಕ್ಷನ್ ಎಂದು ಕೊಟ್ಟಿರುವುದನ್ನು ಗಮನಿಸಿ. ಡೆವಲಪ್‌ಮೆಂಟ್ ಮೋಡ್‌ನಲ್ಲಿ ಬಳಕೆಯಾಗದ ಕೋಡನ್ನು ಉದುರಿಸುವ ಕೆಲಸವೂ ನಡೆಯುವುದಿಲ್ಲ, ಕೋಡನ್ನು ಕುಗ್ಗಿಸುವ ಕೆಲಸವೂ ನಡೆಯುವುದಿಲ್ಲ. ಆ ಲೆಕ್ಕ ಹಿಡಿದು ತೀರ್ಮಾನಕ್ಕೆ ಬಂದರೆ ತಪ್ಪು ಕಡೆ ಕತ್ತರಿ ಹಾಕಿದಂತಾಗುತ್ತದೆ.

ಫೈಲಿನ ಹೆಸರು ಕೊಡದಿದ್ದರೆ ಜೇಸನ್ ನೇರವಾಗಿ ಟರ್ಮಿನಲ್ಲಿಗೆ ಸುರಿಯುತ್ತದೆ. ಅದನ್ನು ‘>’ ಚಿಹ್ನೆಯಿಂದ ಫೈಲಿಗೆ ತಿರುಗಿಸುವ ಪಾಠ ಹಳೆಯ ಬರಹಗಳಲ್ಲಿ ಸಿಗುತ್ತದೆ. ಇದರಲ್ಲಿ ಮೂರು ತೊಡಕಿವೆ. ಕಾನ್ಫಿಗ್ ಫೈಲಿನಲ್ಲೋ ಯಾವುದಾದರೂ ಪ್ಲಗಿನ್‌ನಲ್ಲೋ ಒಂದು ಕನ್ಸೋಲ್ ಲಾಗ್ ಸಾಲು ಇದ್ದರೆ ಅದೂ ಅದೇ ಫೈಲಿಗೆ ಸೇರಿ ಜೇಸನ್ ಕೆಡುತ್ತದೆ. ಎನ್‌ಪಿಎಂ ರನ್ ಮೂಲಕ ಬಿಲ್ಡ್ ಮಾಡಿದರೆ, ಯಾವ ಸ್ಕ್ರಿಪ್ಟ್ ಓಡುತ್ತಿದೆ ಎಂದು ಎನ್‌ಪಿಎಂ ಮೊದಲು ಅಚ್ಚು ಮಾಡುವ ಸಾಲುಗಳೂ ಫೈಲಿನ ತಲೆಯಲ್ಲಿ ಕೂರುತ್ತವೆ. ವಿಂಡೋಸ್‌ನ ಹಳೆಯ ಪವರ್‌ಶೆಲ್‌ನಲ್ಲಿ ಹೀಗೆ ತಿರುಗಿಸಿದ ಫೈಲ್ ಯುಟಿಎಫ್-16 ಎನ್‌ಕೋಡಿಂಗ್‌ನಲ್ಲಿ ಬರೆಯಲ್ಪಡುತ್ತದೆ. ಹಲವು ಟೂಲ್‌ಗಳಿಗೆ ಅದನ್ನು ಓದಲು ಬರುವುದಿಲ್ಲ. ಹೆಸರು ಕೊಟ್ಟು ನೇರವಾಗಿ ಬರೆಸಿದರೆ ಈ ಮೂರೂ ತಲೆನೋವು ಇಲ್ಲ. ಎನ್‌ಪಿಎಂ ರನ್ ಬಿಲ್ಡ್ ಬಳಸುವವರು ನಡುವೆ ಬರೀ ಎರಡು ಅಡ್ಡಗೆರೆ ಇಟ್ಟು, ಆಮೇಲೆ ಜೇಸನ್ ಆಯ್ಕೆಯನ್ನು ಬರೆದರೆ ಅದು ವೆಬ್‌ಪ್ಯಾಕ್‌ಗೆ ತಲುಪುತ್ತದೆ.

ಇನ್ನೊಂದು ಸಂಗತಿ. ನಿಮ್ಮ ಕಾನ್ಫಿಗ್‌ನಲ್ಲಿ ಸ್ಟ್ಯಾಟ್ಸ್ ಎಂಬ ಆಯ್ಕೆಗೆ ‘ಎರರ್ಸ್-ಓನ್ಲಿ’ ಅಥವಾ ‘ಮಿನಿಮಲ್’ ಎಂದು ಕೊಟ್ಟಿದ್ದರೆ ಅದು ಟರ್ಮಿನಲ್ ಅಚ್ಚಿಗೆ ಮಾತ್ರ ಸೀಮಿತವಲ್ಲ. ಜೇಸನ್ ಫೈಲೂ ಅದೇ ಆಯ್ಕೆಯನ್ನು ಪಾಲಿಸುತ್ತದೆ. ಫೈಲ್ ತೆರೆದಾಗ ಮಾಡ್ಯೂಲ್‌ಗಳ ಪಟ್ಟಿಯೇ ಇಲ್ಲದಿದ್ದರೆ ಮೊದಲು ನೋಡಬೇಕಾದ ಜಾಗ ಇದು.

ಎರಡನೇ ದಾರಿ ನೋಡ್ ಎಪಿಐ. ಬಿಲ್ಡ್ ಸ್ಕ್ರಿಪ್ಟನ್ನು ತಾವೇ ಬರೆದುಕೊಂಡಿರುವ ತಂಡಗಳಿಗೆ ಇದು ಹೊಂದುತ್ತದೆ. ವೆಬ್‌ಪ್ಯಾಕ್ ಫಂಕ್ಷನ್ನಿಗೆ ಕಾನ್ಫಿಗ್ ಕೊಟ್ಟು ಕರೆದಾಗ ಕಾಲ್‌ಬ್ಯಾಕ್‌ಗೆ ಎರಡು ವಸ್ತು ಬರುತ್ತವೆ: ಒಂದು ಎರರ್, ಇನ್ನೊಂದು ಸ್ಟ್ಯಾಟ್ಸ್. ಎರರ್ ತುಂಬಿಬರುವುದು ಕಾನ್ಫಿಗ್ ತಪ್ಪಿದ್ದಂಥ ಸಂದರ್ಭಗಳಲ್ಲಿ ಮಾತ್ರ. ನಿಮ್ಮ ಕೋಡಿನಲ್ಲಿರುವ ಸಿಂಟ್ಯಾಕ್ಸ್ ದೋಷ, ಸಿಗದ ಮಾಡ್ಯೂಲ್ ಇವೆಲ್ಲ ಸ್ಟ್ಯಾಟ್ಸ್ ಒಳಗಿರುತ್ತವೆ. ಅವನ್ನು ‘ಹ್ಯಾಸ್‌ಎರರ್ಸ್’ ಎಂಬ ಮೆಥಡ್ ಕರೆದೇ ತಿಳಿಯಬೇಕು. ಎರರ್ ಖಾಲಿ ಇದ್ದ ಮಾತ್ರಕ್ಕೆ ಬಿಲ್ಡ್ ಗೆದ್ದಿತು ಎಂದುಕೊಳ್ಳುವಂತಿಲ್ಲ. ‘ಟುಜೇಸನ್’ ಮೆಥಡ್ ಕರೆದರೆ ಸಾಮಾನ್ಯ ಆಬ್ಜೆಕ್ಟ್ ಸಿಗುತ್ತದೆ, ಅದನ್ನು ಫೈಲಿಗೆ ಬರೆಯಬಹುದು. ‘ಟುಸ್ಟ್ರಿಂಗ್’ ಕರೆದರೆ ಟರ್ಮಿನಲ್‌ನಲ್ಲಿ ಕಾಣುವ ಪಠ್ಯ ಸಿಗುತ್ತದೆ. ಕೆಲಸ ಮುಗಿದ ಮೇಲೆ ಕಂಪೈಲರ್‌ನ ‘ಕ್ಲೋಸ್’ ಕರೆಯಿರಿ. ಡಿಸ್ಕಿನ ಮೇಲೆ ಇಡುವ ಕ್ಯಾಶ್ ಪೂರ್ತಿಯಾಗಿ ಬರೆಯಲ್ಪಡಲು ಅದು ಬೇಕು.

ಮೂರನೇ ದಾರಿ ಪ್ಲಗಿನ್. ಕಂಪೈಲರ್‌ನ ‘ಡನ್’ ಎಂಬ ಹುಕ್‌ಗೆ ಒಂದು ಸಣ್ಣ ಫಂಕ್ಷನ್ ಕಟ್ಟಿದರೆ, ಪ್ರತಿ ಬಿಲ್ಡ್ ಮುಗಿದಾಗಲೂ ಅದೇ ಸ್ಟ್ಯಾಟ್ಸ್ ಆಬ್ಜೆಕ್ಟ್ ನಿಮ್ಮ ಕೈಗೆ ಬರುತ್ತದೆ. ಯಾರು ಯಾವ ಕಮ್ಯಾಂಡ್ ಹೊಡೆದರೂ ಫೈಲ್ ತಪ್ಪದೆ ಹುಟ್ಟುವುದು ಇದರ ಲಾಭ. ವಾಚ್ ಮೋಡ್‌ನಲ್ಲಿ ಪ್ರತಿ ಮರುಬಿಲ್ಡಿಗೂ ಇದು ಓಡುವುದರಿಂದ ಅಲ್ಲಿ ಮಾತ್ರ ಅದನ್ನು ಕೈಬಿಡುವುದು ಒಳ್ಳೆಯದು. ಸ್ವಂತವಾಗಿ ಬರೆಯಲು ಮನಸ್ಸಿಲ್ಲದವರಿಗೆ ವೆಬ್‌ಪ್ಯಾಕ್-ಸ್ಟ್ಯಾಟ್ಸ್-ಪ್ಲಗಿನ್ ಎಂಬ ಸಿದ್ಧ ಪ್ಯಾಕೇಜ್ ಇದೆ. ಬೇಕಾದ ಭಾಗವನ್ನಷ್ಟೇ ಆಯ್ದು ಬರೆಸುವ ಸೌಲಭ್ಯ ಅದರಲ್ಲಿದೆ.

ಫೈಲಿನ ಒಳಗೆ ಏನೇನಿದೆ

ಮೊದಲ ಸಲ ಸ್ಟ್ಯಾಟ್ಸ್ ಫೈಲ್ ತೆರೆದವರಿಗೆ ಅದರ ಉದ್ದ ಕಂಡು ಹಿಂಜರಿಕೆಯಾಗುವುದು ಸಹಜ. ಆದರೆ ಮೇಲ್ಮಟ್ಟದಲ್ಲಿ ಇರುವುದು ಕೆಲವೇ ಖಾನೆಗಳು.

ವರ್ಷನ್, ಹ್ಯಾಶ್, ಟೈಮ್ ಮೊದಲಾದವು ಬಿಲ್ಡಿನ ಗುರುತುಗಳು. ಟೈಮ್ ಮಿಲಿಸೆಕೆಂಡಿನಲ್ಲಿರುತ್ತದೆ. ಎರರ್ಸ್ ಮತ್ತು ವಾರ್ನಿಂಗ್ಸ್ ಖಾನೆಗಳಲ್ಲಿ ದೋಷಗಳೂ ಎಚ್ಚರಿಕೆಗಳೂ ಪಟ್ಟಿಯಾಗಿರುತ್ತವೆ. ಎಂಟ್ರಿಪಾಯಿಂಟ್ಸ್ ಖಾನೆ ಪ್ರತಿ ಎಂಟ್ರಿಗೆ ಬೇಕಾದ ಫೈಲುಗಳನ್ನೂ ಅವುಗಳ ಗಾತ್ರವನ್ನೂ ಕೊಡುತ್ತದೆ. ಬಳಕೆದಾರ ಪುಟ ತೆರೆದಾಗ ಮೊದಲು ಎಷ್ಟು ಇಳಿಯುತ್ತದೆ ಎಂಬ ಪ್ರಶ್ನೆಗೆ ಇಲ್ಲೇ ಉತ್ತರ.

ಅಸೆಟ್ಸ್ ಖಾನೆಯಲ್ಲಿ ಹೊರಬಂದ ಪ್ರತಿ ಫೈಲಿನ ಹೆಸರು, ಬೈಟ್‌ಗಳಲ್ಲಿ ಗಾತ್ರ, ಅದು ಯಾವ ಚಂಕ್‌ಗೆ ಸೇರಿದ್ದು ಎಂಬ ವಿವರ ಇರುತ್ತದೆ.

ಚಂಕ್ಸ್ ಖಾನೆಯಲ್ಲಿ ‘ಇನಿಷಿಯಲ್’ ಎಂಬ ಗುರುತನ್ನು ನೋಡಬೇಕು. ಅದು ಟ್ರೂ ಆಗಿದ್ದರೆ ಆ ಚಂಕ್ ಪುಟದ ಜೊತೆಗೇ ಇಳಿಯುತ್ತದೆ. ಫಾಲ್ಸ್ ಆಗಿದ್ದರೆ ಬೇಕೆನಿಸಿದಾಗ ಇಳಿಯುತ್ತದೆ. ಹಾಗೆ ಆಮೇಲೆ ಇಳಿಯುವ ಚಂಕ್ ಹುಟ್ಟಲು ಕಾರಣವಾದ ಡೈನಾಮಿಕ್ ಇಂಪೋರ್ಟ್ ಯಾವ ಫೈಲಿನಲ್ಲಿದೆ ಎಂಬುದನ್ನು ‘ಒರಿಜಿನ್ಸ್’ ಹೇಳುತ್ತದೆ.

ಎಲ್ಲಕ್ಕಿಂತ ಬೆಲೆಯುಳ್ಳದ್ದು ಮಾಡ್ಯೂಲ್ಸ್ ಖಾನೆ. ಪ್ರತಿ ಮಾಡ್ಯೂಲ್‌ಗೆ ಹೆಸರು, ಗಾತ್ರ, ಸೇರಿರುವ ಚಂಕ್‌ಗಳು, ಎಂಟ್ರಿಯಿಂದ ಎಷ್ಟು ಮೆಟ್ಟಿಲು ಆಳದಲ್ಲಿದೆ ಎಂಬ ‘ಡೆಪ್ತ್’, ಮತ್ತು ಅದನ್ನು ಕರೆದವರು ಯಾರು ಎಂಬ ‘ರೀಸನ್ಸ್’ ಇರುತ್ತವೆ. ವಿವರವಾಗಿ ಕೇಳಿದರೆ ಯಾವ ಎಕ್ಸ್‌ಪೋರ್ಟ್‌ಗಳು ಬಳಕೆಯಾದವು ಎಂಬ ‘ಯೂಸ್ಡ್‌ಎಕ್ಸ್‌ಪೋರ್ಟ್ಸ್’, ಮಾಡ್ಯೂಲ್‌ಗಳನ್ನು ಬೆಸೆಯುವ ಸುಧಾರಣೆ ಎಲ್ಲಿ ಯಾಕೆ ಕೈಗೂಡಲಿಲ್ಲ ಎಂಬ ‘ಆಪ್ಟಿಮೈಸೇಷನ್ ಬೇಲ್‌ಔಟ್’ ಕೂಡ ಸಿಗುತ್ತವೆ. ಲೈಬ್ರರಿಯೊಂದು ಹಳೆಯ ಕಾಮನ್‌ಜೆಎಸ್ ರೂಪದಲ್ಲಿರುವುದರಿಂದ ಬೆಸೆಯಲಾಗಲಿಲ್ಲ ಎಂಬಂಥ ಕಾರಣಗಳು ಅಲ್ಲಿ ಸ್ಪಷ್ಟ ವಾಕ್ಯದಲ್ಲಿರುತ್ತವೆ.

ಲೆಕ್ಕ ಹಾಕುವವರು ಎರಡು ಕಡೆ ಜಾಗ್ರತೆ ವಹಿಸಬೇಕು. ಪ್ರೊಡಕ್ಷನ್ ಬಿಲ್ಡಿನಲ್ಲಿ ಹಲವು ಮಾಡ್ಯೂಲ್‌ಗಳು ಬೆಸೆದು ಒಂದಾಗಿರುತ್ತವೆ. ಹೆಸರಿನ ಕೊನೆಯಲ್ಲಿ ‘+ 12 ಮಾಡ್ಯೂಲ್ಸ್’ ಎಂಬಂತೆ ಬರುತ್ತದೆ. ಅದರ ಒಳಗೇ ಇನ್ನೊಂದು ಮಾಡ್ಯೂಲ್ಸ್ ಪಟ್ಟಿ ಇರುತ್ತದೆ. ಹೊರಗಿನ ಗಾತ್ರದಲ್ಲಿ ಒಳಗಿನವು ಸೇರಿಯೇ ಇರುವುದರಿಂದ ಎರಡನ್ನೂ ಕೂಡಿದರೆ ಲೆಕ್ಕ ದುಪ್ಪಟ್ಟಾಗುತ್ತದೆ. ಇನ್ನು, ಕಾನ್ಫಿಗ್ ಒಂದರ ಬದಲು ಕಾನ್ಫಿಗ್‌ಗಳ ಪಟ್ಟಿಯನ್ನೇ ಕೊಟ್ಟಿದ್ದರೆ ಮೇಲ್ಮಟ್ಟದಲ್ಲಿ ಅಸೆಟ್ಸ್ ಇರುವುದಿಲ್ಲ. ‘ಚಿಲ್ಡ್ರನ್’ ಎಂಬ ಖಾನೆಯಲ್ಲಿ ಪ್ರತಿ ಕಾನ್ಫಿಗ್‌ಗೂ ಒಂದೊಂದು ಪ್ರತ್ಯೇಕ ಸ್ಟ್ಯಾಟ್ಸ್ ಇರುತ್ತದೆ.

ಕಾರಣದ ಜಾಡು ಹಿಡಿಯುವುದು

ರೀಸನ್ಸ್ ಓದುವುದನ್ನು ಒಂದು ಉದಾಹರಣೆಯಿಂದ ನೋಡೋಣ. ದಿನಾಂಕಗಳನ್ನು ತೋರಿಸಲು ಬಹುಕಾಲ ಎಲ್ಲರೂ ಬಳಸಿದ ಲೈಬ್ರರಿ ಮೊಮೆಂಟ್. ಅದರಲ್ಲಿ ನೂರಕ್ಕೂ ಹೆಚ್ಚು ಭಾಷೆ ಮತ್ತು ಪ್ರಾದೇಶಿಕ ರೂಪಗಳಿಗೆ ಒಂದೊಂದು ಫೈಲ್ ಇದೆ. ಕನ್ನಡಕ್ಕೂ ಇದೆ, ತಿಂಗಳ ಹೆಸರುಗಳನ್ನು ಕನ್ನಡದಲ್ಲಿ ಕೊಡುವುದಷ್ಟೇ ಅಲ್ಲ, ಅಂಕಿಗಳನ್ನೂ ಕನ್ನಡ ಅಂಕಿಗಳಾಗಿ ಬದಲಿಸುತ್ತದೆ. ಕನ್ನಡ ಜಾಲತಾಣವೊಂದಕ್ಕೆ ಬೇಕಾದದ್ದು ಅದೊಂದೇ ಫೈಲ್.

ಆದರೆ ಸ್ಟ್ಯಾಟ್ಸ್ ಫೈಲಿನ ಮಾಡ್ಯೂಲ್ಸ್ ಖಾನೆಯಲ್ಲಿ ಮೊಮೆಂಟ್ ಎಂದು ಹುಡುಕಿದರೆ ಆ ನೂರಕ್ಕೂ ಹೆಚ್ಚು ಫೈಲುಗಳು ಸಾಲಾಗಿ ನಿಂತಿರುತ್ತವೆ. ಅವೆಲ್ಲದರ ಒಟ್ಟು ಗಾತ್ರ ಮೊಮೆಂಟ್‌ನ ಮುಖ್ಯ ಕೋಡ್‌ಗಿಂತ ಹೆಚ್ಚು. ಜಪಾನಿ ಭಾಷೆಯ ಫೈಲನ್ನು ನಾವು ಎಲ್ಲೂ ಕರೆದಿಲ್ಲವಲ್ಲ, ಅದು ಹೇಗೆ ಒಳಬಂತು? ಅದರ ರೀಸನ್ಸ್ ನೋಡಿ. ಕಾರಣದ ಬಗೆ ‘ಕಾಂಟೆಕ್ಸ್ಟ್ ಎಲಿಮೆಂಟ್’ ಎಂದಿರುತ್ತದೆ, ಕರೆದ ಮಾಡ್ಯೂಲ್ ಮೊಮೆಂಟ್‌ನ ‘ಲೊಕೇಲ್’ ಫೋಲ್ಡರ್ ಎಂದಿರುತ್ತದೆ. ಈಗ ಆ ಫೋಲ್ಡರಿನ ಹೆಸರಿನ ಮಾಡ್ಯೂಲನ್ನು ಹುಡುಕಿ ಅದರ ರೀಸನ್ಸ್ ಓದಿ. ಅದನ್ನು ಕರೆದದ್ದು ಮೊಮೆಂಟ್‌ನ ಮುಖ್ಯ ಫೈಲ್. ಯಾವ ಸಾಲಿನಲ್ಲಿ ಎಂಬುದನ್ನು ‘ಲೋಕ್’ ಎಂಬ ಉಪಖಾನೆ ಹೇಳುತ್ತದೆ. ಆ ಸಾಲಿಗೆ ಹೋದರೆ ಸಂಗತಿ ತಿಳಿಯುತ್ತದೆ. ಅಲ್ಲಿ ರಿಕ್ವೈರ್ ಒಳಗೆ ಭಾಷೆಯ ಹೆಸರು ನೇರವಾಗಿಲ್ಲ, ಒಂದು ವೇರಿಯಬಲ್ ಇದೆ. ಕೋಡ್ ಓಡುವಾಗ ಯಾವ ಭಾಷೆ ಬರುತ್ತದೋ ಬಿಲ್ಡ್ ಹೊತ್ತಿಗೆ ಗೊತ್ತಾಗುವಂತಿಲ್ಲ. ಹಾಗಾಗಿ ವೆಬ್‌ಪ್ಯಾಕ್ ಇಡೀ ಫೋಲ್ಡರನ್ನೇ ಒಳಗೆ ತಂದಿದೆ. ಇನ್ನೂ ಒಂದು ಹೆಜ್ಜೆ ಮೇಲೆ ಹೋದರೆ ಮೊಮೆಂಟ್ ಅನ್ನು ಇಂಪೋರ್ಟ್ ಮಾಡಿದ ನಮ್ಮದೇ ಫೈಲ್ ಸಿಗುತ್ತದೆ.

ಕಾರಣ ತಿಳಿದ ಮೇಲೆ ಪರಿಹಾರ ಕಷ್ಟವಲ್ಲ. ವೆಬ್‌ಪ್ಯಾಕ್‌ನ ಕಾಂಟೆಕ್ಸ್ಟ್ ರಿಪ್ಲೇಸ್‌ಮೆಂಟ್ ಪ್ಲಗಿನ್ ಬಳಸಿ ಆ ಫೋಲ್ಡರಿನಿಂದ ಕನ್ನಡದ ಫೈಲ್ ಮಾತ್ರ ಸಾಕು ಎಂದು ಹೇಳಬಹುದು. ಅಥವಾ ಇಗ್ನೋರ್ ಪ್ಲಗಿನ್‌ನಿಂದ ಇಡೀ ಫೋಲ್ಡರನ್ನು ತಡೆದು, ಕನ್ನಡದ ಫೈಲನ್ನು ನೇರವಾಗಿ ಇಂಪೋರ್ಟ್ ಮಾಡಬಹುದು. ಹೊಸ ಪ್ರಾಜೆಕ್ಟ್‌ಗಳಿಗೆ ಮೊಮೆಂಟ್ ಬೇಡ, ಅದಿನ್ನು ನಿರ್ವಹಣೆಯ ಹಂತದಲ್ಲಷ್ಟೇ ಇರುತ್ತದೆ ಎಂದು ಅದನ್ನು ನಡೆಸುವವರೇ 2020ರಲ್ಲಿ ಹೇಳಿದ್ದಾರೆ. ಬ್ರೌಸರಿನೊಳಗೇ ಇರುವ ಇಂಟ್ಲ್ ಸೌಲಭ್ಯ ಕನ್ನಡ ದಿನಾಂಕವನ್ನು ಒಂದು ಬೈಟ್ ಹೆಚ್ಚುವರಿ ಇಳಿಕೆಯೂ ಇಲ್ಲದೆ ಕೊಡುತ್ತದೆ.

ಇದೇ ಕ್ರಮದಲ್ಲಿ ಇನ್ನೂ ಎರಡು ಸಾಮಾನ್ಯ ದೋಷಗಳನ್ನು ಹಿಡಿಯಬಹುದು. ಒಂದೇ ಪ್ಯಾಕೇಜಿನ ಹೆಸರು ಎರಡು ಬೇರೆ ನೋಡ್‌ಮಾಡ್ಯೂಲ್ಸ್ ದಾರಿಗಳಲ್ಲಿ ಕಂಡರೆ, ಅದರ ಎರಡು ಪ್ರತಿಗಳು, ಬಹುತೇಕ ಎರಡು ಆವೃತ್ತಿಗಳು, ಒಳಗೆ ಸೇರಿವೆ ಎಂದರ್ಥ. ರೀಸನ್ಸ್ ಓದಿದರೆ ಹಳೆಯದನ್ನು ಹಿಡಿದುಕೊಂಡಿರುವ ಲೈಬ್ರರಿ ಯಾವುದೆಂದು ತಿಳಿಯುತ್ತದೆ. ಒಂದು ದೊಡ್ಡ ಮಾಡ್ಯೂಲ್‌ನ ಚಂಕ್ಸ್ ಪಟ್ಟಿಯಲ್ಲಿ ಮೂರುನಾಲ್ಕು ಚಂಕ್‌ಗಳಿದ್ದರೆ ಅದೇ ಕೋಡ್ ಅಷ್ಟು ಫೈಲುಗಳಲ್ಲಿ ಪುನರಾವರ್ತನೆಯಾಗಿದೆ. ಸ್ಪ್ಲಿಟ್ ಚಂಕ್ಸ್ ಆಯ್ಕೆಯನ್ನು ಹೊಂದಿಸಿ ಅದನ್ನು ಪ್ರತ್ಯೇಕ ಚಂಕ್ ಮಾಡಬಹುದು.

ಮೂರು ಬಗೆಯ ಗಾತ್ರ

ಸ್ಟ್ಯಾಟ್ಸ್ ಫೈಲಿನಲ್ಲಿ ಮಾಡ್ಯೂಲ್‌ನ ಮುಂದೆ ಇರುವ ಗಾತ್ರ, ಲೋಡರ್‌ಗಳು ಕೆಲಸ ಮುಗಿಸಿದ ಮೇಲಿನ, ಆದರೆ ಮಿನಿಫೈ ಮಾಡುವುದಕ್ಕೆ ಮುಂಚಿನ ಗಾತ್ರ. ಅಸೆಟ್‌ನ ಮುಂದೆ ಇರುವುದು ಮಿನಿಫೈ ಆದ ಮೇಲಿನದು. ಸರ್ವರ್ ಅದನ್ನು ಜಿಜಿಪ್ ಅಥವಾ ಬ್ರೋಟ್ಲಿಯಿಂದ ಕುಗ್ಗಿಸಿ ಕಳಿಸಿದಾಗ ನೆಟ್‌ವರ್ಕ್ ಮೇಲೆ ಹೋಗುವುದು ಮೂರನೆಯ ಗಾತ್ರ. ಲೋಡ್ಯಾಶ್ ಪೂರ್ತಿ ಲೈಬ್ರರಿಯನ್ನೇ ತೆಗೆದುಕೊಳ್ಳಿ. ಮೂಲ ಫೈಲ್ ಸುಮಾರು 540 ಕಿಲೋಬೈಟ್. ಮಿನಿಫೈ ಮಾಡಿದರೆ 70 ಕಿಲೋಬೈಟ್ ಆಸುಪಾಸು. ಜಿಜಿಪ್ ಮಾಡಿದರೆ ಸುಮಾರು 25. ಮೂರೂ ನಿಜ. ಪ್ರಶ್ನೆ ಯಾವುದೋ ಅದಕ್ಕೆ ತಕ್ಕ ಅಂಕಿ ಹಿಡಿಯಬೇಕು. ಡೇಟಾ ಖರ್ಚಿನ ಮಾತಾದರೆ ಮೂರನೆಯದು. ಕಡಿಮೆ ಬೆಲೆಯ ಫೋನಿನಲ್ಲಿ ಕೋಡನ್ನು ಬಿಡಿಸಿ ಓದಿ ಓಡಿಸಲು ತಗಲುವ ಹೊತ್ತಿನ ಮಾತಾದರೆ ಎರಡನೆಯದು, ಯಾಕೆಂದರೆ ಬ್ರೌಸರ್ ಓದುವುದು ಬಿಚ್ಚಿದ ಕೋಡನ್ನು. ಮೊದಲನೆಯ ಅಂಕಿ ಯಾರ ಪಾಲು ಎಷ್ಟು ಎಂದು ಹೋಲಿಸಲು ಮಾತ್ರ.

ಮೂರನ್ನೂ ಒಟ್ಟಿಗೆ ಚಿತ್ರವಾಗಿ ನೋಡಲು ವೆಬ್‌ಪ್ಯಾಕ್ ಬಂಡಲ್ ಅನಲೈಜರ್ ಎಂಬ ಟೂಲ್ ಇದೆ. ಸ್ಟ್ಯಾಟ್ಸ್ ಫೈಲನ್ನು ಕೊಟ್ಟರೆ ಪ್ರತಿ ಮಾಡ್ಯೂಲನ್ನೂ ಅದರ ಗಾತ್ರಕ್ಕೆ ತಕ್ಕ ಚೌಕವಾಗಿ ಬಿಡಿಸಿ ತೋರಿಸುತ್ತದೆ. ಸ್ಟ್ಯಾಟ್ಸ್ ಫೈಲೊಂದರಿಂದ ಅದಕ್ಕೆ ಸಿಗುವುದು ಮೊದಲನೆಯ ಗಾತ್ರ ಮಾತ್ರ. ಉಳಿದೆರಡು ಬೇಕಾದರೆ ಬಿಲ್ಡ್ ಆದ ಫೈಲುಗಳ ಫೋಲ್ಡರನ್ನೂ ತೋರಿಸಬೇಕು. ಇನ್ನೂ ಆಳಕ್ಕೆ ಇಳಿಯಬೇಕೆನ್ನುವವರಿಗೆ ಸ್ಟ್ಯಾಟೋಸ್ಕೋಪ್ ಇದೆ. ಅದು ಎರಡು ಬಿಲ್ಡ್‌ಗಳ ಫೈಲುಗಳನ್ನು ಹೋಲಿಸಿಯೂ ಕೊಡುತ್ತದೆ. ಒಂದೇ ಒಂದು ಅಂಕಿ ಸಾಕು ಎಂದಾದರೆ ಯಾವ ಚಿತ್ರವೂ ಬೇಡ. ಜೆಕ್ಯೂ ಎಂಬ ಸಣ್ಣ ಕಮ್ಯಾಂಡ್ ಟೂಲ್ ಜೇಸನ್ ಫೈಲಿನಿಂದ ಬೇಕಾದ ಖಾನೆಯನ್ನು ಹೆಕ್ಕಿ ಕೊಡುತ್ತದೆ.

ಸಮಯದ ಲೆಕ್ಕ

ಬಿಲ್ಡ್ ನಿಧಾನವಾಗಿದ್ದರೆ ಜೇಸನ್ ಜೊತೆಗೆ ‘ಪ್ರೊಫೈಲ್’ ಆಯ್ಕೆಯನ್ನೂ ಕೊಡಿ. ಆಗ ಪ್ರತಿ ಮಾಡ್ಯೂಲ್‌ಗೆ ಅದನ್ನು ಪತ್ತೆ ಹಚ್ಚಲು, ಕಟ್ಟಲು ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಎಂಬ ವಿವರ ಫೈಲಿನಲ್ಲಿ ಸೇರುತ್ತದೆ. ವೆಬ್‌ಪ್ಯಾಕ್ ಹಲವು ಮಾಡ್ಯೂಲ್‌ಗಳನ್ನು ಏಕಕಾಲಕ್ಕೆ ಕೈಗೆತ್ತಿಕೊಳ್ಳುವುದರಿಂದ ಒಂದರ ಕಾಯುವ ಹೊತ್ತು ಇನ್ನೊಂದರ ಲೆಕ್ಕಕ್ಕೆ ಸೇರಿಬಿಡುತ್ತದೆ. ನಿಖರವಾಗಿ ಬೇಕಾದರೆ ಕಾನ್ಫಿಗ್‌ನಲ್ಲಿ ‘ಪ್ಯಾರಲಲಿಸಂ’ ಅನ್ನು 1 ಎಂದು ಇಡಿ. ಬಿಲ್ಡ್ ನಿಧಾನವಾಗುತ್ತದೆ, ಆದರೆ ಅಂಕಿ ನಂಬುವಂತಿರುತ್ತದೆ. ಅಳತೆಗೆ ಮುನ್ನ ಕ್ಯಾಶ್ ಅಳಿಸಿ. ಕ್ಯಾಶ್‌ನಿಂದ ಬಂದ ಮಾಡ್ಯೂಲ್ ಆ ಸಲ ಕಟ್ಟಲ್ಪಟ್ಟೇ ಇರುವುದಿಲ್ಲ, ಅದರ ಸಮಯಕ್ಕೆ ಅರ್ಥವಿಲ್ಲ.

ಫೈಲನ್ನು ತೆಳ್ಳಗಾಗಿಸುವುದು

ದೊಡ್ಡ ಪ್ರಾಜೆಕ್ಟ್‌ಗಳಲ್ಲಿ ಸ್ಟ್ಯಾಟ್ಸ್ ಫೈಲ್ ನೂರಾರು ಮೆಗಾಬೈಟ್ ಆಗುವುದುಂಟು. ನೋಡ್ ಒಳಗಿನ ವಿ8 ಎಂಜಿನ್‌ನಲ್ಲಿ ಒಂದು ಸ್ಟ್ರಿಂಗ್ ಇಷ್ಟೇ ಉದ್ದ ಇರಬಹುದು ಎಂಬ ಮಿತಿಯಿದೆ. 64 ಬಿಟ್ ಯಂತ್ರಗಳಲ್ಲಿ ಅದು ಸುಮಾರು 53 ಕೋಟಿ ಅಕ್ಷರ. ಸ್ವಂತ ಸ್ಕ್ರಿಪ್ಟ್‌ನಲ್ಲಿ ಇಡೀ ಆಬ್ಜೆಕ್ಟನ್ನು ಒಂದೇ ಸಲಕ್ಕೆ ಸ್ಟ್ರಿಂಗ್ ಮಾಡಹೊರಟರೆ, ಸ್ಟ್ರಿಂಗ್ ಉದ್ದ ಸರಿಯಿಲ್ಲ ಎಂಬ ದೋಷ ಬಂದು ಕೆಲಸ ನಿಲ್ಲುತ್ತದೆ. ವೆಬ್‌ಪ್ಯಾಕ್‌ನ ಕಮ್ಯಾಂಡ್ ಲೈನ್ ಈ ಕಾರಣಕ್ಕೇ ಜೇಸನ್ ಅನ್ನು ತುಂಡುತುಂಡಾಗಿ ಬರೆಯುವ ಲೈಬ್ರರಿಯನ್ನು ಬಳಸುತ್ತದೆ. ನೀವೂ ಅದೇ ಡಿಸ್ಕವರಿಜೆಎಸ್ ಜೇಸನ್-ಎಕ್ಸ್ಟ್ ಪ್ಯಾಕೇಜನ್ನು ಬಳಸಬಹುದು.

ಅದಕ್ಕಿಂತ ಒಳ್ಳೆಯದು ಬೇಕಿಲ್ಲದ್ದನ್ನು ಬರೆಸದೇ ಇರುವುದು. ಟುಜೇಸನ್ ಕರೆಯುವಾಗ ‘ಆಲ್’ ಆಯ್ಕೆಯನ್ನು ಫಾಲ್ಸ್ ಮಾಡಿ ಎಲ್ಲವನ್ನೂ ಮುಚ್ಚಿ, ಬೇಕಾದ ಖಾನೆಗಳನ್ನು ಮಾತ್ರ ಟ್ರೂ ಮಾಡಿ ತೆರೆಯಿರಿ. ಗಾತ್ರದ ಹೋಲಿಕೆಗೆ ಅಸೆಟ್ಸ್ ಮತ್ತು ಎಂಟ್ರಿಪಾಯಿಂಟ್ಸ್ ಸಾಕು. ಕಾರಣ ಹುಡುಕಲು ಮಾಡ್ಯೂಲ್ಸ್, ರೀಸನ್ಸ್, ನೆಸ್ಟೆಡ್ ಮಾಡ್ಯೂಲ್ಸ್ ಬೇಕು. ‘ಸೋರ್ಸ್’ ಬಹುತೇಕ ಯಾವುದಕ್ಕೂ ಬೇಡ. ಅದನ್ನು ತೆರೆದರೆ ಪ್ರತಿ ಮಾಡ್ಯೂಲ್‌ನ ಪೂರ್ತಿ ಕೋಡೇ ಫೈಲಿಗೆ ಸೇರುತ್ತದೆ.

ಸರ್ವರ್‌ಗೆ ಹೆಸರು ತಿಳಿಸುವ ಕೆಲಸ

ಸ್ಟ್ಯಾಟ್ಸ್‌ನ ಉಪಯೋಗ ಗಾತ್ರದ ಲೆಕ್ಕಕ್ಕೆ ಮುಗಿಯುವುದಿಲ್ಲ. ಬ್ರೌಸರ್ ಫೈಲನ್ನು ದೀರ್ಘಕಾಲ ಕ್ಯಾಶ್‌ನಲ್ಲಿ ಇಟ್ಟುಕೊಳ್ಳಲಿ ಎಂದು ಹೆಸರಿನಲ್ಲೇ ಕಂಟೆಂಟ್ ಹ್ಯಾಶ್ ಸೇರಿಸುವುದು ಈಗ ಸಾಮಾನ್ಯ ಪದ್ಧತಿ. ಕೋಡ್ ಬದಲಾದರೆ ಹೆಸರೂ ಬದಲಾಗುತ್ತದೆ. ಹಾಗಾದರೆ ಎಚ್‌ಟಿಎಂಎಲ್ ಪುಟವನ್ನು ಕಟ್ಟುವ ಸರ್ವರ್‌ಗೆ ಇಂದಿನ ಹೆಸರು ಯಾವುದೆಂದು ತಿಳಿಸುವವರು ಯಾರು? ಸ್ಟ್ಯಾಟ್ಸ್‌ನ ‘ಅಸೆಟ್ಸ್ ಬೈ ಚಂಕ್ ನೇಮ್’ ಖಾನೆ ಚಂಕ್‌ನ ಹೆಸರನ್ನೂ ಅದರ ಇಂದಿನ ಫೈಲುಗಳನ್ನೂ ಜೋಡಿಸಿ ಕೊಡುತ್ತದೆ. ಜ್ಯಾಂಗೋ ಬಳಸುವವರು ವೆಬ್‌ಪ್ಯಾಕ್ ಬಂಡಲ್ ಟ್ರ್ಯಾಕರ್ ಎಂಬ ಪ್ಲಗಿನ್‌ನಿಂದ ಇಂಥದೇ ಒಂದು ಸಣ್ಣ ಸ್ಟ್ಯಾಟ್ಸ್ ಫೈಲ್ ಬರೆಸುತ್ತಾರೆ. ಅದನ್ನು ಓದಿ ಸರಿಯಾದ ಸ್ಕ್ರಿಪ್ಟ್ ಟ್ಯಾಗ್ ಹಾಕುವ ಕೆಲಸ ಜ್ಯಾಂಗೋ ವೆಬ್‌ಪ್ಯಾಕ್ ಲೋಡರ್‌ನದು.

ಕಾಪಿಡಿ, ಹೋಲಿಸಿ

ಒಂದು ದಿನದ ಸ್ಟ್ಯಾಟ್ಸ್ ಫೈಲ್ ಆ ದಿನದ ಸ್ಥಿತಿಯನ್ನು ತೋರಿಸುತ್ತದೆ. ಎರಡನ್ನು ಪಕ್ಕಪಕ್ಕ ಇಟ್ಟರೆ ಬದಲಾವಣೆ ಕಾಣುತ್ತದೆ. ಬಂಡಲ್ ಒಂದೇ ರಾತ್ರಿಯಲ್ಲಿ ಉಬ್ಬುವುದು ಅಪರೂಪ. ಒಂದು ಕಮಿಟ್‌ಗೆ ಐದು ಕಿಲೋಬೈಟ್, ಇನ್ನೊಂದಕ್ಕೆ ಹತ್ತು, ಹೀಗೆ ಏರುತ್ತದೆ. ಆದ್ದರಿಂದ ಸಿಐ ವ್ಯವಸ್ಥೆಯಲ್ಲಿ ಮುಖ್ಯ ಬ್ರಾಂಚಿನ ಪ್ರತಿ ಬಿಲ್ಡಿಗೂ ಸ್ಟ್ಯಾಟ್ಸ್ ಫೈಲನ್ನು ಆರ್ಟಿಫ್ಯಾಕ್ಟ್ ಆಗಿ ಉಳಿಸಿ. ಪುಲ್ ರಿಕ್ವೆಸ್ಟ್ ಬಂದಾಗ ಅದರ ಫೈಲನ್ನು ಮುಖ್ಯ ಬ್ರಾಂಚಿನ ಫೈಲಿನೊಂದಿಗೆ ಹೋಲಿಸಿ, ಯಾವ ಎಂಟ್ರಿ ಎಷ್ಟು ಏರಿತು, ಹೊಸದಾಗಿ ಬಂದ ಮಾಡ್ಯೂಲ್‌ಗಳು ಯಾವುವು ಎಂಬುದನ್ನು ರಿವ್ಯೂ ಮಾಡುವವರ ಕಣ್ಣಿಗೆ ಬೀಳುವಂತೆ ಮಾಡಿ. ಹೊಸ ಲೈಬ್ರರಿ ಸೇರಿಸಿದವರಿಗೆ ಅದರ ಬೆಲೆ ಅಂದೇ ಗೊತ್ತಾದರೆ ಬದಲಿ ಹುಡುಕಲು ಅವಕಾಶವಿರುತ್ತದೆ. ಆರು ತಿಂಗಳ ನಂತರ ಗೊತ್ತಾದರೆ ಅಷ್ಟರಲ್ಲಿ ಅದು ನೂರು ಫೈಲುಗಳಲ್ಲಿ ಬೇರು ಬಿಟ್ಟಿರುತ್ತದೆ.

ಹೋಲಿಸುವಾಗ ಮಾಡ್ಯೂಲ್‌ನ ಐಡಿಯನ್ನಾಗಲಿ ‘ಐಡೆಂಟಿಫೈಯರ್’ ಖಾನೆಯನ್ನಾಗಲಿ ನೆಚ್ಚಬೇಡಿ. ಐಡೆಂಟಿಫೈಯರ್‌ನಲ್ಲಿ ಯಂತ್ರದ ಪೂರ್ತಿ ಫೋಲ್ಡರ್ ದಾರಿ ಇರುವುದರಿಂದ ನಿಮ್ಮ ಲ್ಯಾಪ್‌ಟಾಪ್‌ನದೂ ಸಿಐ ಯಂತ್ರದ್ದೂ ಹೊಂದುವುದಿಲ್ಲ. ಪ್ರಾಜೆಕ್ಟಿನ ಬುಡದಿಂದ ಲೆಕ್ಕ ಹಾಕಿದ ‘ನೇಮ್’ ಖಾನೆಯೇ ಸರಿ. ಅಸೆಟ್‌ಗಳ ಹೆಸರಿನಲ್ಲಿರುವ ಹ್ಯಾಶ್ ಭಾಗವನ್ನು ಮೊದಲು ತೆಗೆದು ಹೋಲಿಸಿ.

ಮಿತಿ ದಾಟಿದರೆ ಬಿಲ್ಡ್ ನಿಲ್ಲಲೇಬೇಕು ಎನ್ನುವ ತಂಡಗಳು ‘ಪರ್ಫಾರ್ಮೆನ್ಸ್’ ಆಯ್ಕೆಯ ‘ಹಿಂಟ್ಸ್’ ಅನ್ನು ‘ಎರರ್’ ಎಂದು ಬದಲಿಸಿ, ತಮಗೆ ಹೊಂದುವ ಮಿತಿ ಇಟ್ಟುಕೊಳ್ಳಬಹುದು.

ಹೊರಗೆ ಹೋಗದಂತೆ ನೋಡಿಕೊಳ್ಳಿ

ಸ್ಟ್ಯಾಟ್ಸ್ ಫೈಲ್ ತಂಡದೊಳಗಿನ ದಾಖಲೆ. ಅದರಲ್ಲಿ ಫೋಲ್ಡರ್ ದಾರಿಗಳಿರುತ್ತವೆ, ಆ ದಾರಿಗಳಲ್ಲಿ ಯಂತ್ರದ ಬಳಕೆದಾರರ ಹೆಸರು ಇರಬಹುದು, ಖಾಸಗಿ ಪ್ಯಾಕೇಜುಗಳ ಹೆಸರು ಇರಬಹುದು, ಸೋರ್ಸ್ ತೆರೆದಿದ್ದರೆ ಕೋಡೇ ಇರುತ್ತದೆ. ಕಮ್ಯಾಂಡ್ ಲೈನ್‌ನ ಜೇಸನ್ ಆಯ್ಕೆ ಫೈಲನ್ನು ನೀವು ಕಮ್ಯಾಂಡ್ ಹೊಡೆದ ಫೋಲ್ಡರಿನಲ್ಲಿ ಬರೆಯುತ್ತದೆ. ಬಂಡಲ್ ಅನಲೈಜರ್ ಪ್ಲಗಿನ್‌ನಿಂದ ಬರೆಸಿದರೆ ಅದು ಬಿಲ್ಡ್ ಔಟ್‌ಪುಟ್ ಫೋಲ್ಡರಿಗೇ ಹೋಗುತ್ತದೆ. ಆ ಫೋಲ್ಡರನ್ನು ಇದ್ದಂತೆಯೇ ಸರ್ವರ್‌ಗೆ ಕಳಿಸುವ ತಂಡಗಳಲ್ಲಿ ಈ ಫೈಲೂ ಜಗತ್ತಿಗೆ ತೆರೆದುಕೊಳ್ಳುತ್ತದೆ. ಔಟ್‌ಪುಟ್ ಫೋಲ್ಡರಿನ ಹೊರಗೆ ಬರೆಸಿ, ಗಿಟ್ ಇಗ್ನೋರ್ ಪಟ್ಟಿಗೂ ಸೇರಿಸಿ.

ಬೇರೆ ಬಂಡ್ಲರ್‌ಗಳಲ್ಲಿ

ವೆಬ್‌ಪ್ಯಾಕ್ ಬಿಟ್ಟು ಬೇರೆಯದನ್ನು ಬಳಸುವವರಿಗೂ ಈ ಲೆಕ್ಕ ಸಿಗುತ್ತದೆ, ರೂಪ ಮಾತ್ರ ಬೇರೆ. ಇವಾನ್ ವಾಲೇಸ್ ಬರೆದ ಇಎಸ್‌ಬಿಲ್ಡ್‌ಗೆ ‘ಮೆಟಾಫೈಲ್’ ಎಂಬ ಆಯ್ಕೆ ಕೊಟ್ಟರೆ ಇನ್‌ಪುಟ್ಸ್, ಔಟ್‌ಪುಟ್ಸ್ ಎಂಬ ಎರಡೇ ಖಾನೆಗಳ ಸರಳ ಜೇಸನ್ ಬರುತ್ತದೆ. ಅಂತಿಮ ಫೈಲಿನಲ್ಲಿ ಪ್ರತಿ ಇನ್‌ಪುಟ್‌ನ ಪಾಲು ಎಷ್ಟು ಬೈಟ್ ಎಂಬುದನ್ನು ಅದು ನೇರವಾಗಿಯೇ ಕೊಡುತ್ತದೆ. ರೋಲಪ್‌ನಲ್ಲಿ ‘ಜನರೇಟ್ ಬಂಡಲ್’ ಹುಕ್ ಪ್ರತಿ ಚಂಕ್‌ನ ಮಾಡ್ಯೂಲ್‌ಗಳನ್ನೂ ಅವುಗಳ ಉದ್ದವನ್ನೂ ಒದಗಿಸುತ್ತದೆ; ರೋಲಪ್ ಪ್ಲಗಿನ್ ವಿಜುವಲೈಜರ್ ಅದನ್ನು ಚಿತ್ರವಾಗಿಸುತ್ತದೆ. ರಸ್ಟ್ ಭಾಷೆಯಲ್ಲಿ ಬರೆದ ಆರ್‌ಎಸ್‌ಪ್ಯಾಕ್, ವೆಬ್‌ಪ್ಯಾಕ್ ಮಾದರಿಯ ಸ್ಟ್ಯಾಟ್ಸ್ ಅನ್ನೇ ಕೊಡುತ್ತದೆ. ಆಂಗುಲರ್‌ನ ಎನ್‌ಜಿ ಬಿಲ್ಡ್ ಕಮ್ಯಾಂಡಿಗೆ ‘ಸ್ಟ್ಯಾಟ್ಸ್-ಜೇಸನ್’ ಆಯ್ಕೆ ಇದೆ. ಹೊಸ ಆಂಗುಲರ್ ಒಳಗೆ ಇಎಸ್‌ಬಿಲ್ಡ್ ಇರುವುದರಿಂದ ಹುಟ್ಟುವ ಫೈಲ್ ಮೆಟಾಫೈಲ್ ರೂಪದ್ದು. ವೆಬ್‌ಪ್ಯಾಕ್‌ಗೆಂದು ಮಾಡಿದ ಟೂಲ್‌ಗೆ ಅದನ್ನು ಕೊಟ್ಟರೆ ಕೆಲಸ ಮಾಡುವುದಿಲ್ಲ.

ಶುರು ಮಾಡಲು ದೊಡ್ಡ ಸಿದ್ಧತೆ ಬೇಕಿಲ್ಲ. ನಿಮ್ಮ ಮುಂದಿನ ಪ್ರೊಡಕ್ಷನ್ ಬಿಲ್ಡಿಗೆ ಜೇಸನ್ ಆಯ್ಕೆಯನ್ನು ಸೇರಿಸಿ. ಬಂದ ಫೈಲಿನಲ್ಲಿ ಅತಿ ದೊಡ್ಡ ಐದು ಮಾಡ್ಯೂಲ್‌ಗಳನ್ನು ಗುರುತಿಸಿ, ಒಂದೊಂದರ ರೀಸನ್ಸ್ ಹಿಡಿದು ನಿಮ್ಮದೇ ಕೋಡಿನ ಸಾಲು ಸಿಗುವ ತನಕ ಹಿಂದೆ ಹೋಗಿ. ಆ ಐದೂ ನಿಜವಾಗಿ ಬೇಕೇ ಎಂದು ತಂಡದಲ್ಲಿ ಕೂತು ಮಾತಾಡಿ. ಬೇಡವೆಂದು ತೆಗೆದ ಪ್ರತಿ ಕಿಲೋಬೈಟೂ, ಹಳೆಯ ಫೋನು ಮತ್ತು ದುರ್ಬಲ ಸಿಗ್ನಲ್ ಇರುವ ಕಡೆ ನಿಮ್ಮ ಪುಟಕ್ಕಾಗಿ ಕಾಯುವವರ ಸಮಯವನ್ನೂ ಹಣವನ್ನೂ ಉಳಿಸುತ್ತದೆ.